ಇಳಿಯಲು ಕೊಂಡ ಸೈಕಲ್ ಗುಡ್ಡವನ್ನೂ ಹತ್ತಬೇಕು: ಫ್ರೀರೈಡ್ ಸೈಕಲ್ ಆರಿಸುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಕಡೆಯ ಹುಡುಗರು ನನಗೆ ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಅಣ್ಣಾ, ದೊಡ್ಡ ಶಾಕ್ ಇರೋ ಸೈಕಲ್ ತಗೋಬೇಕಂತ ಮಾಡೀನಿ. ಕಲ್ಲಿನ ಮ್ಯಾಲಿಂದ ಜಿಗೀಲಿಕ್ಕೂ ಬರಬೇಕು, ಗುಡ್ಡ ಹತ್ತಲಿಕ್ಕೂ ಬರಬೇಕು. ಯಾವುದು ತಗೊಳ್ಳಲಿ?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆದು ಬರೆದು, ಕೊನೆಗೆ ಎಲ್ಲವನ್ನೂ ಒಂದೇ ಕಡೆ ಇಡೋಣ ಅನಿಸಿತು.

ಫ್ರೀರೈಡ್ ಅಂದರೆ ಕಡಿದಾದ ಇಳಿಜಾರು, ಬಂಡೆ, ಜಿಗಿತಗಳಲ್ಲಿ ಸೈಕಲ್ ಓಡಿಸುವ ಬಗೆ. 1990ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅದು ರೂಪ ಪಡೆಯಿತು. ಅಲ್ಲಿನ ವಿಸ್ಲರ್‌ನಂಥ ಊರಿನಲ್ಲಿ ಸೈಕಲ್ ಸಮೇತ ಮೇಲಕ್ಕೆ ಒಯ್ಯುವ ಲಿಫ್ಟ್ ಇದೆ. ನಮ್ಮಲ್ಲಿ ಟಂಟಂ ಬಾಡಿಗೆ ಹಿಡಿದರೂ ಅದು ಗುಡ್ಡದ ಬುಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ನಿಮ್ಮ ಕಾಲೇ ಗತಿ. ಹಾಗಾಗಿ ಹತ್ತಲು ಬಾರದ ಸೈಕಲ್ ನಮ್ಮ ಭಾಗದಲ್ಲಿ ವಾರದೊಳಗೆ ಮೂಲೆ ಸೇರುತ್ತದೆ.

ಕೊಳ್ಳುವವರು ಮೊದಲು ನೋಡುವುದು ಎರಡು ಅಂಕಿ: ಶಾಕ್ ಎಷ್ಟು ಉದ್ದ ಕೆಲಸ ಮಾಡುತ್ತದೆ, ಸೈಕಲ್ ಎಷ್ಟು ಕಿಲೋ ತೂಗುತ್ತದೆ. ಹತ್ತುವ ವಿಷಯದಲ್ಲಿ ಈ ಎರಡಕ್ಕಿಂತ ಹೆಚ್ಚು ಬೆಲೆ ಇರುವುದು ಸೀಟಿನ ಕೋನಕ್ಕೆ, ಗೇರಿಗೆ ಮತ್ತು ಹಿಂದಿನ ಟೈರಿಗೆ. ಈ ಬರಹದ ಬಹುಪಾಲು ಆ ಮೂರರ ಬಗ್ಗೆಯೇ ಇದೆ.

ಮೊದಲು ಕೈಯಲ್ಲಿ ಇರಬೇಕಾದ್ದು

ಅಳತೆ ಪಟ್ಟಿ, ದಾರಕ್ಕೆ ಕಟ್ಟಿದ ತೂಗುಗುಂಡು (ಗೌಂಡಿಗಳ ಹತ್ತಿರ ಸಿಗುತ್ತದೆ), ಚೀಲ ತೂಗುವ ಕೊಕ್ಕೆ ತಕ್ಕಡಿ, ಶಾಕ್‌ಗೆ ಗಾಳಿ ತುಂಬುವ ಸಣ್ಣ ಪಂಪು, ಅಲನ್ ಕೀ ಸೆಟ್ಟು. ಜೊತೆಗೆ ನಿಮ್ಮ ಒಳಗಾಲಿನ ಉದ್ದ ಗೊತ್ತಿರಲಿ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆದರೆ ಆಯಿತು.

ಹಂತ 1: ನಿಮ್ಮ ಗುಡ್ಡವನ್ನು ಅಳೆಯಿರಿ

ನಮ್ಮ ಭಾಗದಲ್ಲಿ ನೆಲ ಮೂರು ಬಗೆ. ಬೀದರಿನದು ಕೆಂಪು ಜಂಬಿಟ್ಟಿಗೆ ಪ್ರಸ್ಥಭೂಮಿ. ಅದರ ಅಂಚಿನಲ್ಲಿ ಇಳಿದರೆ ಕಾಲಡಿ ಗರಸು, ಸಣ್ಣ ಗುಂಡು ಹರಳು, ಚಕ್ರ ಜಾರುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಗ್ರಾನೈಟ್ ಗುಡ್ಡ. ಅಲ್ಲಿ ಹಾಸುಗಲ್ಲು, ದೊಡ್ಡ ಗುಂಡು, ಹಿಡಿತ ಚೆನ್ನ, ಏರು ಮಾತ್ರ ಗೋಡೆಯಂತೆ. ಕಲಬುರಗಿ ಸುತ್ತಲಿನ ಎರೆಭೂಮಿ ಸಮತಟ್ಟು. ಗುಡ್ಡ ಬೇಕೆಂದರೆ ಚಿಂಚೋಳಿ ಕಡೆ ಹೋಗಬೇಕು.

ಮೂರೂ ಕಡೆ ಒಂದು ಸಮಾನ ಗುಣವಿದೆ. ಏರು ಉದ್ದವಿಲ್ಲ, ಕಡಿದು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಆದರೆ ಮತ್ತೆ ಇಳಿಯಬೇಕೆಂದರೆ ಮತ್ತೆ ಹತ್ತಬೇಕು. ಒಂದು ಬೆಳಿಗ್ಗೆಗೆ ಐದಾರು ಸಲ.

ಫೋನಿನ ಜಿಪಿಎಸ್ ಆ್ಯಪ್ ಹಚ್ಚಿಕೊಂಡು ನೀವು ಹೋಗಬೇಕೆಂದಿರುವ ದಾರಿಯನ್ನು ಒಮ್ಮೆ ನಡೆದು ಬನ್ನಿ. 100 ಮೀಟರ್ ದೂರಕ್ಕೆ 10 ಮೀಟರ್ ಏರಿದರೆ ಶೇ 10ರ ಏರು, 15 ಮೀಟರ್ ಏರಿದರೆ ಶೇ 15. ಶೇ 20 ದಾಟಿದ ಗರಸಿನ ಏರನ್ನು ಯಾವ ಸೈಕಲ್ಲಿನಲ್ಲೂ ಬಹಳ ಹೊತ್ತು ತುಳಿಯಲಾಗದು. ಅಲ್ಲಿ ಇಳಿದು ತಳ್ಳುವುದೇ ಸರಿ. ಅದಕ್ಕೆ ಸೈಕಲ್ಲನ್ನು ದೂರಬೇಡಿ.

ಹಂತ 2: ಎಷ್ಟು ಟ್ರಾವೆಲ್ ಬೇಕು?

ಟ್ರಾವೆಲ್ ಅಂದರೆ ಶಾಕ್ ಪೂರ್ತಿ ಕುಗ್ಗಿದಾಗ ಚಕ್ರ ಮೇಲಕ್ಕೆ ಸರಿಯುವ ದೂರ. ಡೌನ್‌ಹಿಲ್ ರೇಸಿನ ಸೈಕಲ್‌ಗಳಿಗೆ ಸುಮಾರು 200 ಮಿಲಿಮೀಟರ್ ಇರುತ್ತದೆ. ಫ್ರೀರೈಡ್ ಎಂದು ಕರೆಯುವವು 170ರಿಂದ 180, ಹತ್ತಲೂ ಇಳಿಯಲೂ ಆಗುವ, ಎಂಡ್ಯೂರೊ ಎನ್ನುವವು 150ರಿಂದ 170.

ನಮ್ಮ ಗುಡ್ಡಗಳಿಗೆ ಹಿಂದೆ 160ರಿಂದ 170, ಮುಂದೆ 170 ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡಾಳೆತ್ತರದಿಂದ ದಿನವೂ ಜಿಗಿಯುವವರಿಗೆ ಮಾತ್ರ 180. ಮುಂದಿನ ಫೋರ್ಕ್ ಸಿಂಗಲ್ ಕ್ರೌನ್ ಇರಲಿ. ಅಂದರೆ ಫೋರ್ಕಿನ ಎರಡು ಕೊಳವೆಗಳನ್ನು ಹಿಡಿಯುವ ಅಡ್ಡಪಟ್ಟಿ ಕೆಳಗೆ ಒಂದೇ ಇರಬೇಕು. ಡಬಲ್ ಕ್ರೌನ್ ಫೋರ್ಕ್ ಭಾರ, ಅದರ ಹ್ಯಾಂಡಲ್ ಪೂರ್ತಿ ತಿರುಗದು, ಏರಿನ ಹಿಮ್ಮುರಿ ತಿರುವಿನಲ್ಲಿ ಕಷ್ಟ ಕೊಡುತ್ತದೆ. ಕೊಳವೆಯ ದಪ್ಪ 35ರಿಂದ 38 ಮಿಮೀ ಇದ್ದರೆ ಗಟ್ಟಿ.

ಎಚ್ಚರಿಕೆ: ಊರಿನ ಅಂಗಡಿಯಲ್ಲಿ ಹತ್ತು-ಹದಿನೈದು ಸಾವಿರಕ್ಕೆ ಸಿಗುವ "ಡಬಲ್ ಶಾಕರ್" ಸೈಕಲ್ ಈ ಲೆಕ್ಕಕ್ಕೆ ಬಾರದು. ಅದರಲ್ಲಿ ಸ್ಪ್ರಿಂಗ್ ಇದೆ, ಸ್ಪ್ರಿಂಗಿನ ಪುಟಿತವನ್ನು ಹಿಡಿಯುವ ಎಣ್ಣೆಯ ವ್ಯವಸ್ಥೆ ಇಲ್ಲ. ಏರಿನಲ್ಲಿ ಕುಣಿಯುತ್ತದೆ, ಜಿಗಿದರೆ ಸವಾರನನ್ನು ಮುಂದಕ್ಕೆ ಒಗೆಯುತ್ತದೆ, ಬೆಸುಗೆ ಬಿಡುತ್ತದೆ. ಶಾಲೆಗೆ, ಹೊಲಕ್ಕೆ ಹೋಗಿಬರಲು ಅಡ್ಡಿಯಿಲ್ಲ. ಜಿಗಿತಕ್ಕೆ ಒಯ್ಯಬೇಡಿ. ಹಣ ಕಡಿಮೆಯಿದ್ದರೆ ಹಿಂದೆ ಶಾಕ್ ಇಲ್ಲದ, ಮುಂದೆ 140–150 ಮಿಮೀ ಒಳ್ಳೆಯ ಫೋರ್ಕ್ ಇರುವ ಗಟ್ಟಿ ಹಾರ್ಡ್‌ಟೇಲ್ ತೆಗೆದುಕೊಳ್ಳಿ. ಅದು ಚೆನ್ನಾಗಿ ಹತ್ತುತ್ತದೆ, ಇಳಿಯುವುದನ್ನೂ ಚೆನ್ನಾಗಿ ಕಲಿಸುತ್ತದೆ.

ಹಂತ 3: ಸೀಟಿನ ಕೋನ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಪೆಡಲ್ ತಿರುಗುವ ಅಚ್ಚಿನಿಂದ (ಬಾಟಮ್ ಬ್ರಾಕೆಟ್) ಸೀಟಿನ ನಡುವಿಗೆ ಒಂದು ಗೆರೆ ಎಳೆದಿರಿ ಎಂದುಕೊಳ್ಳಿ. ಆ ಗೆರೆ ನೆಲದೊಂದಿಗೆ ಮಾಡುವ ಕೋನವೇ ಸೀಟಿನ ಪರಿಣಾಮಕಾರಿ ಕೋನ. 77 ಡಿಗ್ರಿ ಇದ್ದರೆ ನೀವು ಪೆಡಲಿನ ಹತ್ತಿರ ಹತ್ತಿರ ಮೇಲೆಯೇ ಕೂತಿರುತ್ತೀರಿ. 73 ಇದ್ದರೆ ಹಿಂದಕ್ಕೆ, ಹಿಂಚಕ್ರದ ಕಡೆಗೆ ಕೂರುತ್ತೀರಿ.

ಸಪಾಟಾದ ರಸ್ತೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಏರಿನಲ್ಲಿ ಸೈಕಲ್ಲೇ ಹಿಂದಕ್ಕೆ ವಾಲುತ್ತದೆ. ಶೇ 15ರ ಏರು ಅಂದರೆ ಎಂಟೂವರೆ ಡಿಗ್ರಿ, ಆಗ 77 ಇದ್ದದ್ದು 68.5ಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಉದ್ದ ಟ್ರಾವೆಲ್ಲಿನ ಸೈಕಲ್ಲಿನಲ್ಲಿ ಭಾರವೆಲ್ಲ ಹಿಂದೆ ಬಿದ್ದು ಹಿಂದಿನ ಶಾಕ್ ಕುಸಿಯುತ್ತದೆ, ಮುಂದಿನದು ಮೇಲೇಳುತ್ತದೆ. ಅದರಿಂದ ಇನ್ನೆರಡು ಡಿಗ್ರಿ ಹೋಯಿತು. ಮುಂಚಕ್ರ ನೆಲ ಬಿಡುವುದು, ಸೊಂಟ ನೋಯುವುದು, ಹ್ಯಾಂಡಲ್ ಆಚೀಚೆ ಅಲೆಯುವುದು ಇವೆಲ್ಲಕ್ಕೂ ಮೂಲ ಇದೇ. ಹತ್ತು ವರ್ಷ ಹಳೆಯ ಫ್ರೀರೈಡ್ ಸೈಕಲ್‌ಗಳಲ್ಲಿ ಈ ಕೋನ ಬಹಳ ಕಡಿಮೆ ಇರುತ್ತಿತ್ತು, "ಫ್ರೀರೈಡ್ ಸೈಕಲ್ ಹತ್ತುವುದಿಲ್ಲ" ಎಂಬ ಮಾತು ಹುಟ್ಟಿದ್ದೂ ಅದರಿಂದಲೇ. ಈಗಿನವು 76ರಿಂದ 78 ಡಿಗ್ರಿ ಕೊಡುತ್ತವೆ. 76ಕ್ಕಿಂತ ಕೆಳಗೆ ಹೋಗಬೇಡಿ.

ಕಂಪನಿಯ ಪಟ್ಟಿಯನ್ನು ಪೂರ್ತಿ ನಂಬಿ ಕೂರಬೇಡಿ. ಸೀಟಿನ ಕೊಳವೆ ಹೆಚ್ಚು ಹಿಂದಕ್ಕೆ ಬಾಗಿದ ಫ್ರೇಮುಗಳಲ್ಲಿ ಸೀಟು ಮೇಲೆ ಎಳೆದಷ್ಟೂ ಹಿಂದಕ್ಕೆ ಹೋಗುತ್ತದೆ. ಪಟ್ಟಿಯಲ್ಲಿ 77 ಎಂದಿದ್ದರೂ ಉದ್ದ ಕಾಲಿನವರಿಗೆ ಅದು 75 ಆಗಿರಬಹುದು. ನೀವೇ ಅಳೆಯಿರಿ. ಸೈಕಲ್ಲನ್ನು ಸಮನೆಲದಲ್ಲಿ ನಿಲ್ಲಿಸಿ, ಸೀಟನ್ನು ನಿಮ್ಮ ಎತ್ತರಕ್ಕೆ ಏರಿಸಿ, ಸೀಟಿನ ನಡುಭಾಗದಿಂದ ತೂಗುಗುಂಡು ಬಿಡಿ. ದಾರದಿಂದ ಪೆಡಲ್ ಅಚ್ಚಿನ ನಡುವಿಗೆ ಅಡ್ಡ ಎಷ್ಟು ಸೆಂಟಿಮೀಟರ್ ಇದೆ ನೋಡಿ. ಅಚ್ಚಿನಿಂದ ಸೀಟು ನೇರ 72 ಸೆಂಮೀ ಮೇಲಿದ್ದರೆ, ಅಡ್ಡ ಅಳತೆ 16.6 ಬಂದರೆ 77 ಡಿಗ್ರಿ, 20.6 ಬಂದರೆ 74, 23.4 ಬಂದರೆ 72. ನಾಲ್ಕು ಸೆಂಟಿಮೀಟರಿನಲ್ಲಿ ಹತ್ತುವ ಸೈಕಲ್ಲಿಗೂ ಹತ್ತದ ಸೈಕಲ್ಲಿಗೂ ಇರುವ ಅಂತರ ಕಾಣುತ್ತದೆ. ಕೊಂಡ ಮೇಲೂ ಸೀಟನ್ನು ಅದರ ಹಳಿಯ ಮೇಲೆ 1 ಸೆಂಮೀ ಮುಂದೆ ಸರಿಸಿದರೆ ಮುಕ್ಕಾಲು ಡಿಗ್ರಿ ಮರಳಿ ಸಿಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಉಳಿದ ಅಳತೆಗಳನ್ನು ಬೇಗ ನೋಡಿಬಿಡೋಣ. ಮುಂದಿನ ಫೋರ್ಕ್ ವಾಲುವ ಕೋನ (ಹೆಡ್ ಆ್ಯಂಗಲ್) 63.5ರಿಂದ 64.5 ಇರಲಿ. ಅದಕ್ಕಿಂತ ಕಡಿಮೆಯಾದರೆ ನಿಧಾನದ ಏರಿನಲ್ಲಿ ಮುಂಚಕ್ರ ಒಂದು ಪಕ್ಕಕ್ಕೆ ಬೀಳುತ್ತಾ ಇರುತ್ತದೆ. ಚೈನ್‌ಸ್ಟೇ, ಅಂದರೆ ಪೆಡಲ್ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಇರುವ ಅಂತರ, 435–445 ಮಿಮೀ ಇದ್ದರೆ ಮುಂಚಕ್ರ ಸುಲಭಕ್ಕೆ ಎದ್ದೇಳದು. ಎತ್ತರದವರು ಇದರಲ್ಲಿ ಉದ್ದದ ಕಡೆಗೇ ಇರಲಿ. ಕ್ರ್ಯಾಂಕ್ (ಪೆಡಲಿನ ತೋಳು) 165 ಮಿಮೀ ಹಾಕಿಸಿ. 175ರದ್ದಾದರೆ ಯಾದಗಿರಿಯ ಬಂಡೆಗಳಲ್ಲಿ ಪೆಡಲ್ ಬಡಿದು ಬಡಿದು ಸಾಕಾಗುತ್ತದೆ. ಕೆಲವು ಫ್ರೇಮುಗಳಲ್ಲಿ ಫ್ಲಿಪ್ ಚಿಪ್ ಎಂಬ ಸಣ್ಣ ತಿರುಗಿಸುವ ಬಿಲ್ಲೆ ಇರುತ್ತದೆ. ಅದನ್ನು 'ಎತ್ತರ' ಸ್ಥಾನಕ್ಕೆ ಹಾಕಿದರೆ ಸೀಟಿನ ಕೋನ ಸುಮಾರು ಅರ್ಧ ಡಿಗ್ರಿ ಏರುತ್ತದೆ, ಪೆಡಲೂ ನೆಲದಿಂದ ತುಸು ಮೇಲಾಗುತ್ತದೆ. ನಮ್ಮ ಕಡೆ ಅದನ್ನು ಅಲ್ಲೇ ಬಿಡುವುದು ಒಳ್ಳೆಯದು.

ಹಂತ 4: ಗೇರು

ನಾನು ಮೊದಲ ಸಲ ಬೇರೆಯವರು ಬಳಸಿದ ಸೈಕಲ್ ಕೊಂಡಾಗ ಅದರಲ್ಲಿ ಏಳು ಗೇರಿನ ಡೌನ್‌ಹಿಲ್ ಸೆಟ್ ಇತ್ತು. ಮಾರುವವರು "ಗೇರು ಆಮೇಲೆ ಬದಲಿಸಬಹುದು" ಎಂದರು, ನಾನು ನಂಬಿದೆ. ಬದಲಿಸಲು ಹೋದಾಗ ಹಿಂಚಕ್ರದ ಹಬ್, ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ), ಲೀವರ್, ಚೈನ್ ಎಲ್ಲವನ್ನೂ ಬದಲಿಸಬೇಕಾಯಿತು. ಆ ದುಡ್ಡಿನ ನೋವಿನಿಂದಲೇ ಈ ಹಂತವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಲೆಕ್ಕ ಸುಲಭ. ಮುಂದಿನ ಹಲ್ಲುಗಾಲಿಯ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಗಾಲಿಯ ಹಲ್ಲುಗಳಿಂದ ಭಾಗಿಸಿ. 30 ಭಾಗ 51 ಅಂದರೆ 0.59. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. 29 ಇಂಚಿನ ಚಕ್ರದ ಸುತ್ತಳತೆ ಅಗಲ ಟೈರ್ ಸೇರಿ ಸುಮಾರು 2.3 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 4.9 ಕಿಲೋಮೀಟರ್, ನಡಿಗೆಯ ವೇಗ. ಇಷ್ಟು ನಿಧಾನ ಏಕೆ ಬೇಕು ಎಂದು ಕೇಳಬಹುದು. ನಿಮ್ಮ ತೂಕ 70 ಕಿಲೋ, ಸೈಕಲ್ 16, ನೀರು-ಸಾಮಾನು 4, ಒಟ್ಟು 90. ಶೇ 10ರ ಗರಸು ಏರಿನಲ್ಲಿ ಈ ವೇಗಕ್ಕೆ ಕಾಲು ಕೊಡಬೇಕಾದ ಶಕ್ತಿ ಸುಮಾರು 145 ವಾಟ್. ವಾರಕ್ಕೆ ಮೂರು-ನಾಲ್ಕು ದಿನ ತುಳಿಯುವ ಆರೋಗ್ಯವಂತರು ಅರ್ಧ ಗಂಟೆ ಇಷ್ಟನ್ನು ತಡೆಯಬಲ್ಲರು.

ಇನ್ನು ಆ ಏಳು ಗೇರಿನ ಸೆಟ್ ನೋಡಿ. ಮುಂದೆ 34, ಹಿಂದೆ ಅತಿ ದೊಡ್ಡದೇ 25. ಅನುಪಾತ 1.36. ಅದೇ 60 ಸುತ್ತಿಗೆ ಗಂಟೆಗೆ 11.3 ಕಿಮೀ ವೇಗ ಬರುತ್ತದೆ, ಅದೇ ಏರಿಗೆ ಸುಮಾರು 330 ವಾಟ್ ಬೇಕು. ನಿಧಾನಿಸಿ 40 ಸುತ್ತಿಗೆ ಇಳಿಸಿದರೂ 220 ವಾಟ್. ಮೊಣಕಾಲು ಹೋಗುತ್ತದೆ, ಏರು ಮಾತ್ರ ಹಾಗೇ ಉಳಿಯುತ್ತದೆ.

ಹಾಗಾಗಿ ಹಿಂದೆ 12 ಗೇರು, ದೊಡ್ಡ ಗಾಲಿ 50, 51 ಅಥವಾ 52 ಹಲ್ಲಿನದು ಇರಲಿ. ಮುಂದೆ 30 ಹಾಕಿ. ಹೊಸ ಸೈಕಲ್‌ಗಳು ಬಹುತೇಕ 32 ಹಾಕಿಕೊಂಡು ಬರುತ್ತವೆ. ಅದನ್ನು ತೆಗೆದು 30 ಹಾಕಿದರೆ ತುಳಿತ ಶೇ 6ರಷ್ಟು, 28 ಹಾಕಿದರೆ ಶೇ 12ರಷ್ಟು ಹಗುರ. ಹತ್ತುವುದಕ್ಕಾಗಿ ಮಾಡುವ ಖರ್ಚುಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ. ಕೊಳ್ಳುವಾಗ ಕ್ರ್ಯಾಂಕಿನ ಕಂಪನಿಗೆ ಸರಿಹೊಂದುವ ಗಾಲಿಯನ್ನೇ ಕೇಳಿ, ಕೂರಿಸುವ ಕಚ್ಚುಗಳು ಒಂದೊಂದು ಕಂಪನಿಗೆ ಒಂದೊಂದು ಥರ.

ಇಲ್ಲಿ ಜನ ಬೀಳುವ ಇನ್ನೊಂದು ಗುಂಡಿ ಫ್ರೀಹಬ್. ಹಿಂದಿನ ಗಾಲಿಗಳ ಗುಚ್ಛ (ಕ್ಯಾಸೆಟ್) ಕೂರುವ ಕೊಳವೆಗೆ ಹಾಗೆನ್ನುತ್ತಾರೆ. ಶಿಮಾನೊ ಕಂಪನಿಯ 10–51 ಹಲ್ಲಿನ ಗುಚ್ಛಕ್ಕೆ ಮೈಕ್ರೊಸ್ಪ್ಲೈನ್, ಸ್ರಾಮ್ ಕಂಪನಿಯ 10–52ಕ್ಕೆ ಎಕ್ಸ್‌ಡಿ ಎಂಬ ಕೊಳವೆ ಬೇಕು. ಹಳೆಯ ಮಾದರಿಯ ಕೊಳವೆಯಿದ್ದರೆ ಸ್ರಾಮ್‌ನ 11–50 ಕೂರುತ್ತದೆ. ಹಬ್ಬಿನ ಮೇಲೆ ಯಾವುದಿದೆ ಎಂದು ಫೋಟೊ ತರಿಸಿಕೊಂಡು ನೋಡದೆ ಕ್ಯಾಸೆಟ್ ತರಿಸಬೇಡಿ.

ಹಂತ 5: ಶಾಕ್ ಕುಣಿಯುತ್ತದೋ, ನಿಲ್ಲುತ್ತದೋ

ಕೂತು ತುಳಿಯುವಾಗ ಹಿಂಬದಿ ಮೇಲೆ ಕೆಳಗೆ ಆಡಿದರೆ ನಿಮ್ಮ ಶಕ್ತಿಯ ಒಂದು ಪಾಲು ಶಾಕಿನ ಎಣ್ಣೆ ಬಿಸಿಮಾಡಲು ಹೋಗುತ್ತದೆ. ಇದನ್ನು ತಡೆಯುವ ಗುಣ ಫ್ರೇಮಿನ ಕೀಲುಗಳ ಜೋಡಣೆಯಲ್ಲೇ ಇರುತ್ತದೆ, ಹೆಸರು ಆ್ಯಂಟಿ-ಸ್ಕ್ವಾಟ್. ತುಳಿದಾಗ ಚೈನಿನ ಎಳೆತ ಹಿಂಬದಿಯನ್ನು ಎಷ್ಟು ಎತ್ತಿ ಹಿಡಿಯುತ್ತದೆ ಎಂಬ ಲೆಕ್ಕ ಅದು. ಹಿಂದಿನ ಅತಿ ದೊಡ್ಡ ಗಾಲಿಯಲ್ಲಿ, ನೀವು ಕೂತ ಸ್ಥಿತಿಯಲ್ಲಿ ಅದು ಶೇ 100ರ ಆಸುಪಾಸು ಇದ್ದರೆ ಸೈಕಲ್ ಸ್ಥಿರ. ಬಹಳ ಹೆಚ್ಚಾದರೆ ಚಕ್ರ ಗಡುಸಾಗಿ ಕಲ್ಲಿನ ಮೇಲೆ ಪುಟಿಯುತ್ತದೆ. ಅಂಕಿ ಸಿಗದಿದ್ದರೆ ಶಾಕಿನ ಕೊಳವೆಯ ಮೇಲಿರುವ ರಬ್ಬರ್ ಉಂಗುರ ನೋಡಿ. ಏರಿನಲ್ಲಿ ಐವತ್ತು ಸುತ್ತು ತುಳಿದ ಮೇಲೆ ಆ ಉಂಗುರ ಕೂತಿದ್ದ ಜಾಗದಿಂದ ಕೆಲವೇ ಮಿಲಿಮೀಟರ್ ಸರಿದಿದ್ದರೆ ಚೆನ್ನ.

ಶಾಕಿನ ಮೇಲೆ ಕ್ಲೈಂಬ್ ಸ್ವಿಚ್ (ಹತ್ತುವಾಗ ಶಾಕನ್ನು ಬಿಗಿಮಾಡುವ ಗುಂಡಿ) ಇರಲೇಬೇಕು. ಕೈಗೆ ಎಟುಕುವ ಜಾಗದಲ್ಲಿರಲಿ, ಇಳಿದು ತಿರುಗಿಸಬೇಕಾದ್ದು ಯಾರೂ ಬಳಸುವುದಿಲ್ಲ. ಡಾಂಬರು ರಸ್ತೆಯಲ್ಲಿ ಪೂರ್ತಿ ಬಿಗಿಮಾಡಿ. ಗರಸಿನ ಏರಿನಲ್ಲಿ ಪೂರ್ತಿ ಬಿಗಿಮಾಡಿದರೆ ಚಕ್ರ ಹಿಡಿತ ಬಿಟ್ಟು ಸುಮ್ಮನೆ ತಿರುಗುತ್ತದೆ. ಅಲ್ಲಿ ನಡುವಿನ ಸ್ಥಾನ ಇದ್ದರೆ ಅದು, ಇಲ್ಲದಿದ್ದರೆ ತೆರೆದೇ ಬಿಡಿ.

ಹೈ ಪಿವಟ್ ಎಂಬ ಬಗೆಯ ಫ್ರೇಮುಗಳಲ್ಲಿ ಚೈನು ಒಂದು ಹೆಚ್ಚುವರಿ ಗಾಲಿಯ ಮೇಲೆ ಸುತ್ತಿ ಬರುತ್ತದೆ. ಇಳಿಜಾರಿನ ಕಲ್ಲುಗಳನ್ನು ನುಂಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಆ ಗಾಲಿಗೆ ನಮ್ಮ ಧೂಳು ಮೆತ್ತಿದರೆ ಏರಿನಲ್ಲಿ ಗರಗರ ಎಳೆತ. ದಿನವೂ ಒರೆಸಿ ಎಣ್ಣೆ ಬಿಡುವ ತಾಳ್ಮೆ ಇದ್ದವರಿಗೆ ಮಾತ್ರ ಅದು.

ಗಾಳಿಯ ಶಾಕೋ, ಸ್ಪ್ರಿಂಗಿನದೋ? ಸ್ಪ್ರಿಂಗಿನದು ಸಡಿಲ ನೆಲದಲ್ಲಿ ಚಕ್ರವನ್ನು ನೆಲಕ್ಕೆ ಅಂಟಿಸಿಟ್ಟಂತೆ ಹಿಡಿಯುತ್ತದೆ. ಭಾರ ಹೆಚ್ಚು, ತೂಕಕ್ಕೆ ತಕ್ಕ ಸ್ಪ್ರಿಂಗ್ ತರಿಸಬೇಕು. ಗಾಳಿಯದು ಹಗುರ, ಪಂಪಿನಿಂದ ಹೊಂದಿಸಬಹುದು. ಮೊದಲ ಸೈಕಲ್ ಆದರೆ ಗಾಳಿಯದೇ ತೆಗೆದುಕೊಳ್ಳಿ. ಆದರೆ ನಮ್ಮ ಬಿಸಿಲಿನ ಒಂದು ಮಾತು ನೆನಪಿರಲಿ. 25 ಡಿಗ್ರಿಯ ಮುಂಜಾನೆ 200 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಶಾಕ್, 45 ಡಿಗ್ರಿ ಕಾದಾಗ ಸುಮಾರು 214 ಆಗುತ್ತದೆ. ಹಿಂಬದಿ ಗಡುಸು, ಹಿಡಿತ ಕಡಿಮೆ. ಆದ್ದರಿಂದ ನೀವು ಯಾವ ಹೊತ್ತಿಗೆ ತುಳಿಯುತ್ತೀರೋ ಆ ಹೊತ್ತಿನಲ್ಲೇ ಗಾಳಿ ನೋಡಿ.

ಹೊಂದಿಸುವ ಕ್ರಮ ಹೀಗೆ. ಬೆನ್ನಿಗೆ ನೀರಿನ ಚೀಲ ಹಾಕಿಕೊಂಡು, ಗೋಡೆ ಹಿಡಿದು, ಪೆಡಲ್ ಮೇಲೆ ಕಾಲಿಟ್ಟು ಸೀಟಿನ ಮೇಲೆ ಕೂತುಕೊಳ್ಳಿ. ರಬ್ಬರ್ ಉಂಗುರವನ್ನು ಅಂಚಿಗೆ ಸರಿಸಿ ಮೆಲ್ಲಗೆ ಇಳಿಯಿರಿ. ಶಾಕಿನ ಒಟ್ಟು ಚಲನೆ 65 ಮಿಮೀ ಇದ್ದರೆ ಉಂಗುರ 18ರಿಂದ 19.5 ಮಿಮೀ ಸರಿದಿರಬೇಕು, ಅಂದರೆ ಶೇ 28–30. ಇದಕ್ಕೆ ಸ್ಯಾಗ್ ಎನ್ನುತ್ತಾರೆ, ಸವಾರನ ತೂಕಕ್ಕೇ ಶಾಕ್ ಕುಸಿಯುವ ಪ್ರಮಾಣ. ಶೇ 35 ಬಿಟ್ಟುಕೊಂಡು "ಮೆತ್ತಗಿದೆ" ಎಂದು ಖುಷಿಪಡುವವರು ಏರಿನಲ್ಲಿ ಹಿಂದಕ್ಕೆ ಕುಸಿದು ಕೂತಿರುತ್ತಾರೆ. ಮುಂದಿನ ಫೋರ್ಕಿಗೆ ಶೇ 15–20.

ಹಂತ 6: ಟೈರ್ ಮತ್ತು ಮುಳ್ಳು

ಬಳ್ಳಾರಿ ಜಾಲಿಯ ಮುಳ್ಳು, ಹೊಲದ ಬದುವಿನ ನೆಗ್ಗಿಲು ಮುಳ್ಳು ಇರುವ ನಾಡಿನಲ್ಲಿ ಟ್ಯೂಬ್ ಹಾಕಿಕೊಂಡು ಹೊರಟರೆ ದಿನಕ್ಕೆರಡು ಪಂಕ್ಚರ್ ಗ್ಯಾರಂಟಿ. ಟ್ಯೂಬ್‌ಲೆಸ್ ಮಾಡಿಸಿ. ಒಳಗೆ ಸುರಿಯುವ ಹಾಲಿನಂಥ ದ್ರವ (ಸೀಲಂಟ್) 29 ಇಂಚಿನ ಅಗಲ ಟೈರಿಗೆ 100ರಿಂದ 120 ಮಿಲಿ ಬೇಕು. ತಂಪು ಊರಿನಲ್ಲಿ ತಿಂಗಳುಗಟ್ಟಲೆ ಬರುವ ಈ ದ್ರವ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಆರು ವಾರಕ್ಕೊಮ್ಮೆ ತೆರೆದು ನೋಡಿ, ಕಡಿಮೆಯಾಗಿದ್ದರೆ ಹಾಕಿ. ದಾರಿಯಲ್ಲಿ ಮುಳ್ಳು ಕಂಡರೆ ಗಾಬರಿಯಿಂದ ಕೀಳಬೇಡಿ. ಗಾಳಿ ಹೋಗದಿದ್ದರೆ ಮನೆಗೆ ಬಂದು ಕೀಳಿ, ಕೂಡಲೇ ತೂತನ್ನು ಕೆಳಮುಖ ಮಾಡಿ ಚಕ್ರ ತಿರುಗಿಸಿ, ದ್ರವ ಅಲ್ಲಿಗೆ ಸೇರಿ ಮುಚ್ಚುತ್ತದೆ.

ಹತ್ತುವುದಕ್ಕೆ ಟೈರಿಗೂ ಏನು ಸಂಬಂಧ? ಬಹಳ ಇದೆ. ಮೆತ್ತನೆಯ ರಬ್ಬರಿನ ಡೌನ್‌ಹಿಲ್ ಟೈರ್ ಎರಡೂ ಕಡೆ ಹಾಕಿದರೆ ಜೇನುತುಪ್ಪದ ಮೇಲೆ ಓಡಿಸಿದಂತೆ. ಮುಂದೆ ಮೆತ್ತನೆಯ ರಬ್ಬರ್, ದಪ್ಪ ಗುಬ್ಬಿ ಇರಲಿ, ಇಳಿಯುವಾಗ ಪ್ರಾಣ ಉಳಿಸುವುದು ಅದೇ. ಹಿಂದೆ ಗಡುಸು ರಬ್ಬರ್ ಹಾಕಿ, ಅದು ಬೇಗ ಉರುಳುತ್ತದೆ, ಬೇಗ ಸವೆಯದು. ಮ್ಯಾಕ್ಸಿಸ್ ಕಂಪನಿಯ ಟೈರ್ ತೆಗೆದುಕೊಳ್ಳುವವರು ಮುಂದೆ ಮ್ಯಾಕ್ಸ್‌ಗ್ರಿಪ್, ಹಿಂದೆ ಮ್ಯಾಕ್ಸ್‌ಟೆರಾ ಎಂದು ಕೇಳಿ. ಟೈರಿನ ಪಕ್ಕೆಯ ದಪ್ಪಕ್ಕೂ ಬೇರೆ ಬೇರೆ ಹೆಸರಿವೆ: ಎಕ್ಸೊ ಪ್ಲಸ್ ನಡುವಿನದು, ಡಬಲ್‌ಡೌನ್ ದಪ್ಪ. ಬೀದರಿನ ಗರಸಿಗೆ ಎರಡೂ ಕಡೆ ನಡುವಿನದು ಸಾಕು. ಯಾದಗಿರಿಯ ಚೂಪು ಬಂಡೆಗೆ ಹಿಂದೆ ದಪ್ಪದ್ದೇ ಬೇಕು.

70 ಕಿಲೋ ತೂಕದವರು ಹಿಂದೆ 24–26, ಮುಂದೆ 21–23 ಪಿಎಸ್‌ಐನಿಂದ ಶುರು ಮಾಡಿ ಒಂದೊಂದೇ ಕಡಿಮೆ-ಹೆಚ್ಚು ಮಾಡುತ್ತಾ ನೋಡಿ. 40 ಪಿಎಸ್‌ಐ ತುಂಬಿ "ಗಟ್ಟಿ ಇದ್ದರೆ ಬೇಗ ಓಡ್ತದ" ಎನ್ನುವುದು ಡಾಂಬರಿಗೆ ಮಾತ್ರ ನಿಜ. ಗರಸಿನ ಏರಿನಲ್ಲಿ ಅಂಥ ಚಕ್ರ ಹರಳಿನ ಮೇಲೆ ಜಾರುತ್ತದೆ.

ಎರೆಮಣ್ಣಿನವರಿಗೆ ಹೇಳಬೇಕಾದ್ದು ಒಂದೇ. ಮಳೆ ಬಿದ್ದ ಮೇಲೆ ಎರಡು ದಿನ ಹೊಲದ ದಾರಿಗೆ ಇಳಿಯಬೇಡಿ. ಆ ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಸಿಮೆಂಟಿನಂತೆ ಕೂತು ಚಕ್ರ ತಿರುಗುವುದೇ ನಿಲ್ಲುತ್ತದೆ. ಒತ್ತಿ ತುಳಿದರೆ ಡಿರೇಲರ್ ಮುರಿಯುತ್ತದೆ.

ಹಂತ 7: ಡ್ರಾಪರ್, ಬ್ರೇಕ್, ಚಕ್ರ

ಡ್ರಾಪರ್ ಅಂದರೆ ಹ್ಯಾಂಡಲ್ ಮೇಲಿನ ಲೀವರ್ ಒತ್ತಿ ಸೀಟನ್ನು ಏರಿಸಿ ಇಳಿಸುವ ಕಂಬ. ಒಂದೇ ಸೈಕಲ್ ಹತ್ತಲೂ ಇಳಿಯಲೂ ಆಗಬೇಕಾದರೆ ಇದು ಬೇಕೇ ಬೇಕು. ಕನಿಷ್ಠ 150 ಮಿಮೀ ಇಳಿಯುವಂಥದ್ದು, ಎತ್ತರದವರಿಗೆ 180ರಿಂದ 200. ಸೀಟು ಪೂರ್ತಿ ಏರಿಸಿ ಹತ್ತಿದರೆ ಮೊಣಕಾಲು ಉಳಿಯುತ್ತದೆ. ಬ್ರೇಕ್ ನಾಲ್ಕು ಪಿಸ್ಟನ್ನಿನದು, ಡಿಸ್ಕ್ 200 ಮಿಮೀ. ಚಕ್ರ ಎರಡೂ 29 ಆದರೆ ಕಲ್ಲಿನ ಏರಿನಲ್ಲಿ ಸುಲಭಕ್ಕೆ ಉರುಳುತ್ತದೆ, ಕುಳ್ಳಗಿನವರಿಗೆ ಮುಂದೆ 29, ಹಿಂದೆ 27.5 ಹೊಂದುತ್ತದೆ. ಮುಂದಿನ ಹಲ್ಲುಗಾಲಿಯ ಕೆಳಗೆ ಬಂಡೆಯ ಪೆಟ್ಟು ತಡೆಯುವ ಬ್ಯಾಶ್ ಗಾರ್ಡ್ ಹಾಕಿಸಿ.

ಹಂತ 8: ತೂಕದ ಮಾತು

ಈ ಬಗೆಯ ಸೈಕಲ್ 15ರಿಂದ 17 ಕಿಲೋ ಇರುತ್ತದೆ. 16ರ ಬದಲು 14 ಕಿಲೋದ್ದಕ್ಕೆ ಲಕ್ಷಗಟ್ಟಲೆ ಹೆಚ್ಚು ಕೊಡಲು ಸಿದ್ಧರಾದವರನ್ನು ನೋಡಿದ್ದೇನೆ. ಮೇಲಿನ ಲೆಕ್ಕದಲ್ಲೇ ನೋಡಿ: 90 ಕಿಲೋ ಇದ್ದದ್ದು 88 ಆಯಿತು. 145 ವಾಟಿನಲ್ಲಿ ಉಳಿಯುವುದು ಮೂರು ವಾಟ್. ಒಂದು ಹಲ್ಲುಗಾಲಿ ಬದಲಿಸಿ, ಹಿಂದಿನ ಟೈರ್ ಬದಲಿಸಿ ಇದಕ್ಕಿಂತ ಹೆಚ್ಚಿನ ಸುಖ ಪಡೆಯಬಹುದು. ಕಾರ್ಬನ್ ಫ್ರೇಮಿಗೆ ಕೊಡುವ ದುಡ್ಡನ್ನು ಅಲ್ಯೂಮಿನಿಯಂ ಫ್ರೇಮು, ಒಳ್ಳೆಯ ಶಾಕು, ಒಳ್ಳೆಯ ಬ್ರೇಕಿಗೆ ಹಾಕಿ. ತೂಕ ನೋಡಲೇಬೇಕೆಂದರೆ ಕೊಕ್ಕೆ ತಕ್ಕಡಿಗೆ ನೀವೇ ತೂಗುಹಾಕಿ ನೋಡಿ, ಪಟ್ಟಿಯಲ್ಲಿನ ತೂಕಕ್ಕೆ ಪೆಡಲ್ ಸೇರಿರುವುದಿಲ್ಲ.

ಹಂತ 9: ಎಲ್ಲಿ, ಯಾವುದು, ಹೇಗೆ ನೋಡಿ ಕೊಳ್ಳುವುದು

ಹೆಸರು ಕೇಳುವವರಿಗೆ: ಕ್ಯಾನ್ಯನ್ ಟಾರ್ಕ್, ಪ್ರೊಪೇನ್ ಸ್ಪಿಂಡ್ರಿಫ್ಟ್ ಫ್ರೀರೈಡ್ ಜಾತಿಯವು, ಹತ್ತುವ ಗೇರಿನೊಂದಿಗೆ ಬರುವ ಮಾದರಿಗಳೂ ಅವುಗಳಲ್ಲಿವೆ. ಸಾಂಟಾ ಕ್ರೂಜ್ ನೋಮ್ಯಾಡ್, ಟ್ರಾನ್ಸಿಷನ್ ಸ್ಪೈರ್ 170 ಮಿಮೀ ಟ್ರಾವೆಲ್ಲಿನವು, ನಮ್ಮ ಕೆಲಸಕ್ಕೆ ಇನ್ನೂ ಹತ್ತಿರ. ಒಂದೇ ಹೆಸರಿನ ಸೈಕಲ್ ಅಳತೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಪಟ್ಟಿಯನ್ನೇ ನೋಡಿ. ಹೊರದೇಶದಿಂದ ತರಿಸುವವರು ಸಾಗಣೆ, ಸೀಮಾ ಸುಂಕ, ಜಿಎಸ್‌ಟಿ ಮೂರನ್ನೂ ಮೊದಲೇ ಕೂಡಿಸಿ ಲೆಕ್ಕ ಹಾಕಿ.

ನಮ್ಮಲ್ಲಿ ಬಹಳ ಜನ ಕೊಳ್ಳುವುದು ಬಳಸಿದ್ದನ್ನೇ, ಹೈದರಾಬಾದ್, ಪುಣೆ, ಬೆಂಗಳೂರಿನಿಂದ. ಹೈದರಾಬಾದ್ ಹತ್ತಿರವಾದ್ದರಿಂದ ಮುಂದೆ ಸರ್ವಿಸ್‌ಗೂ ಅನುಕೂಲ. ಹೋಗಿ ಕಣ್ಣಾರೆ ನೋಡದೆ ಮುಂಗಡ ಹಣ ಹಾಕಬೇಡಿ. ನೋಡುವಾಗ ಮೊದಲು ಫೋರ್ಕಿನ ಹೊಳೆಯುವ ಕೊಳವೆಗೆ ಉಗುರು ಆಡಿಸಿ, ಗೀರು ಸಿಕ್ಕರೆ ಎಣ್ಣೆ ಸೋರುತ್ತದೆ. ಸೈಕಲ್ಲನ್ನು ತಲೆಕೆಳಗೆ ಮಾಡಿ ಹಿಂಚಕ್ರವನ್ನು ಅಡ್ಡಡ್ಡ ಅಲುಗಿಸಿ, ಕಟಕಟ ಅಂದರೆ ಕೀಲಿನ ಬೇರಿಂಗ್ ಹೋಗಿವೆ. ಹ್ಯಾಂಡಲ್ ಕೊಳವೆ ಮತ್ತು ಪೆಡಲ್ ಅಚ್ಚಿನ ಸುತ್ತ ಬೆಸುಗೆಯ ಹತ್ತಿರ ಬಣ್ಣದಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿ. ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಶಾಕ್ ಕೊನೆಯ ಸಲ ಯಾವಾಗ ಬಿಚ್ಚಿಸಿದ್ದು ಎಂದು ಕೇಳಿ. ರಾಕ್‌ಶಾಕ್ಸ್ ಫೋರ್ಕಿಗೆ 50 ಗಂಟೆಗೊಮ್ಮೆ ಕೆಳಗಿನ ಕಾಲುಗಳ ಎಣ್ಣೆ ಬದಲಿಸಬೇಕು, 200 ಗಂಟೆಗೊಮ್ಮೆ ಪೂರ್ತಿ. ಫಾಕ್ಸ್‌ಗೆ 125 ಗಂಟೆಗೆ ಅಥವಾ ವರ್ಷಕ್ಕೊಮ್ಮೆ. ಉತ್ತರ ಬಾರದಿದ್ದರೆ ಆ ಸರ್ವಿಸಿನ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ. ಸೀರಿಯಲ್ ನಂಬರು ಇರುವ ಫೋಟೊ, ಹಳೆಯ ಬಿಲ್ಲು ಇಲ್ಲದೆ ವ್ಯವಹಾರ ಬೇಡ.

ಡಿರೇಲರ್ ಹ್ಯಾಂಗರ್ ಎಂಬ ಸಣ್ಣ ಕೊಂಡಿ ಪೆಟ್ಟು ಬಿದ್ದಾಗ ಮೊದಲು ಬಾಗುತ್ತದೆ. ಯುಡಿಎಚ್ ಮಾದರಿಯದಾದರೆ ಎಲ್ಲ ಕಡೆ ಒಂದೇ, ತರಿಸುವುದು ಸುಲಭ. ಬೇರೆಯದಾದರೆ ಕೊಳ್ಳುವ ದಿನವೇ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಹಂತ 10: ಹತ್ತಿಸಿ ನೋಡಿ

ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯದು. ಗುಡ್ಡ ಹತ್ತಿರವಿಲ್ಲದಿದ್ದರೆ ಯಾವುದಾದರೂ ದೊಡ್ಡ ಕಟ್ಟಡದ ನೆಲಮಾಳಿಗೆ ಪಾರ್ಕಿಂಗಿನ ಇಳಿಜಾರಿಗೆ ಒಯ್ಯಿರಿ. ಸಾಮಾನ್ಯವಾಗಿ ಅದು ಶೇ 12ರ ಆಸುಪಾಸು ಇರುತ್ತದೆ. ನಿಮ್ಮ ಸ್ಯಾಗ್ ಹಾಕಿ, ಸೀಟು ಏರಿಸಿ, ಅತಿ ಹಗುರ ಗೇರಿನಲ್ಲಿ ಕೂತೇ ಹತ್ತಿ. ಮುಂಚಕ್ರ ಏಳುತ್ತದೆಯೇ? ಏಳದಿರಲು ಮೂಗನ್ನು ಹ್ಯಾಂಡಲಿಗೆ ತಾಗಿಸಬೇಕಾಗಿ ಬಂದರೆ ಆ ಸೈಕಲ್ ಬೇಡ. ಹತ್ತು ಸಲ ಹತ್ತಿದ ಮೇಲೆ ಸೊಂಟ ಏನನ್ನುತ್ತದೆ ಕೇಳಿ. ಆಮೇಲೆ ಇನ್ನೂ ನಿಧಾನಕ್ಕೆ, ನಡಿಗೆಗಿಂತ ಕಡಿಮೆ ವೇಗದಲ್ಲಿ, ಎರಡು ಗೆರೆಗಳ ನಡುವೆ ನೇರ ಹೋಗಲು ಪ್ರಯತ್ನಿಸಿ. ಹ್ಯಾಂಡಲ್ ತೀರಾ ಅಲೆದಾಡಿದರೆ ಸೀಟು ಮುಂದೆ ಸರಿಸಿ ಮತ್ತೊಮ್ಮೆ ನೋಡಿ.

ಕೊಂಡ ಮೇಲೆ ಎಲ್ಲಿಗೆ?

ಬೀದರ ಕೋಟೆ, ಅಷ್ಟೂರಿನ ಗುಮ್ಮಟಗಳು, ಯಾದಗಿರಿ ಕೋಟೆ ಇವು ನಮ್ಮ ಹಿರಿಯರ ಕಲ್ಲುಗಳು, ಸಂರಕ್ಷಿತ ಸ್ಮಾರಕಗಳು. ಅವುಗಳ ಮೆಟ್ಟಿಲು, ಗೋಡೆಗಳ ಮೇಲೆ ಚಕ್ರ ಇಡಬೇಡಿ. ಚಿಂಚೋಳಿಯ ಕಾಡು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿಗೆ ಇಳಿಯುವಂತಿಲ್ಲ. ಬೀದರಿನ ನೌಬಾದ್ ಕಡೆ ಹಳೆಯ ಸುರಂಗ ಬಾವಿಯ ಗಾಳಿಕಿಂಡಿಗಳಿವೆ, ಶಹಾಬಾದ್ ಕಡೆ ಬಿಟ್ಟುಹೋದ ಕಲ್ಲಿನ ಕ್ವಾರಿಗಳಿವೆ. ಗೊತ್ತಿಲ್ಲದ ದಾರಿಯನ್ನು ಮೊದಲು ಹಗಲಿನಲ್ಲಿ ನಡೆದು ನೋಡಿ, ಆಮೇಲೆ ಇಳಿಯಿರಿ. ಹೊಲದ ಬದು ದಾಟುವಾಗ ಹೊಲದವರನ್ನು ಕೇಳಿ. ತೊಗರಿ ನಿಂತಿರುವಾಗ ಸುತ್ತುಹಾಕಿ ಹೋಗಿ.

ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಐದೂವರೆಗೆ ಗುಡ್ಡದ ಬುಡದಲ್ಲಿರಿ, ಒಂಬತ್ತಕ್ಕೆ ಮುಗಿಸಿ. ಮೂರು ಲೀಟರ್ ನೀರು, ಒಂದು ಚಿಟಿಕೆ ಉಪ್ಪು-ಸಕ್ಕರೆ ಪೊಟ್ಟಣ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು, ಮೊಣಕಾಲ ಕವಚ ಜೊತೆಗಿರಲಿ. ಹತ್ತುವಾಗ ಹೆಲ್ಮೆಟ್ಟನ್ನು ಚೀಲಕ್ಕೆ ಕಟ್ಟಿಕೊಂಡು ಟೋಪಿ ಹಾಕಿಕೊಳ್ಳುವವರು ಬಹಳ. ಹಾಗೆ ಮಾಡಬೇಡಿ, ಗರಸಿನ ಏರಿನಲ್ಲಿ ನಿಂತಲ್ಲೇ ಹಿಂದಕ್ಕೆ ಬೀಳುವುದುಂಟು. ಗದ್ದದ ಭಾಗ ಬಿಚ್ಚಿ ತೆಗೆಯಬಹುದಾದ ಹೆಲ್ಮೆಟ್ ಸಿಗುತ್ತದೆ. ಅದನ್ನು ಕೊಂಡರೆ ಏರಿಗೂ ಇಳಿಜಾರಿಗೂ ಒಂದೇ ಸಾಕು.